ನನ್ನ ಕಣ್ಣಿನೊಳಗೆ ಕೆಟ್ಟುನಿಂತ ಪಂಪು

ಅಜ್ಜಂಪುರದಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ ಮೋಟಾರು ಸುತ್ತುವವನು ನಾನು. ಸಣ್ಣ ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು ಕೂರಿಸಬೇಕು. ಒಂದು ಸುತ್ತು ಅಡ್ಡಬಿದ್ದರೂ ಮೋಟಾರು ಸುಟ್ಟು ಕರಕಲು. ಎಡಗಣ್ಣು ಚಿಕ್ಕಂದಿನಿಂದಲೂ ಹೆಸರಿಗೆ ಮಾತ್ರ. ಬಲಗಣ್ಣಿಗೂ ಪೊರೆ ಬಂದಾಗ ಹೆಂಡತಿ ನನ್ನನ್ನು ಕಡೂರಿನ ಒಂದು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು. "ಹತ್ ನಿಮಿಷದ ಕೆಲ್ಸ ಕಣ್ರೀ, ಸುಮ್ನೆ ಮಲಗಿದ್ರೆ ಆಯ್ತು," ಎಂದಳು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ ಎಂಬುದು ಅವಳಿಗೆ ಮರೆತಿತ್ತು.

ಕಣ್ಣು ಮರಗಟ್ಟಿಸಿ, ಮುಖಕ್ಕೆ ಹಸಿರು ಬಟ್ಟೆ ಮುಚ್ಚಿದರು. ಪೊರೆಯನ್ನು ಪುಡಿಮಾಡಿ ಹೀರಿಕೊಳ್ಳುವ ಮೆಷಿನ್ ಸೊಗಸಾಗಿ ಗುಂಯ್‌ಗುಟ್ಟುತ್ತಿತ್ತು. ಇದ್ದಕ್ಕಿದ್ದಂತೆ ಗೊರಗೊರ ಎಂದು ನಿಂತಿತು. ನನಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಗಾಳಿ ಎಳೀತೈತೆ. ಪೈಪಿನ್ ಜಾಯಿಂಟ್ ನೋಡಿ," ಎಂದೆ.

"ಯಜಮಾನ್ರೇ, ದಮ್ಮಯ್ಯ, ಬಾಯ್ ಮುಚ್ಕೊಳ್ಳಿ. ಮಾತಾಡಿದ್ರೆ ಕಣ್ಣು ಅಲ್ಲಾಡುತ್ತೆ!"

ಮುಚ್ಚಿಕೊಂಡೆ. ಮೆಷಿನ್ ಮತ್ತೆ ಏಳಲೇ ಇಲ್ಲ. ಕಣ್ಣಿಗೆ ಕೊಯ್ದಿದ್ದ ಸಣ್ಣ ಗಾಯವನ್ನು ಇನ್ನಷ್ಟು ಅಗಲ ಮಾಡಿ, ಉಳಿದ ಪೊರೆಯನ್ನು ಕೈಯಲ್ಲೇ ತೆಗೆದು, ಲೆನ್ಸ್ ಕೂರಿಸಿ ಹೊಲಿಗೆ ಹಾಕಿದರು. ಅಷ್ಟು ಹೊತ್ತೂ ಪ್ರಾಣ ಬಾಯಿಗೆ ಬಂದಿತ್ತು. ಬಾಯಿ ಮುಚ್ಚಿದ್ದರಿಂದ ಅಲ್ಲೇ ಉಳಿಯಿತು.

ಆಮೇಲೆ ಡಾಕ್ಟರು ಹೆಂಡತಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. "ಮೆಷಿನ್ ಮಧ್ಯದಲ್ಲೇ ಕೈ ಕೊಡ್ತಮ್ಮ. ಕಣ್ಣಿನ ಮುಂಭಾಗ ಊದ್ಕೊಂಡಿದೆ. ಎಷ್ಟು ತಿಳಿಯಾಗುತ್ತೋ ಈಗ್ಲೇ ಹೇಳಕ್ಕಾಗಲ್ಲ." ಪೈಪಿಗೆ ಗಾಳಿ ಸೇರಿತ್ತೇ ಎಂದು ಪಕ್ಕದಲ್ಲಿದ್ದ ನಾನು ಕೇಳಿದೆ. ಸೇರಿತ್ತು ಎಂದರು. ನಾನು ಹಲ್ಲುಕಿರಿದೆ. ಹೆಂಡತಿ ನನ್ನನ್ನು ನೋಡಿದ ನೋಟ ಬ್ಯಾಂಡೇಜಿನಿಂದಾಗಿ ಕಾಣದಿದ್ದುದೇ ಪುಣ್ಯ.

ಎರಡು ತಿಂಗಳು ಹನಿ ಬಿಟ್ಟುಕೊಂಡೆ. ಊತ ಇಳಿಯಿತು. ಬಸ್ಸಿನ ಬೋರ್ಡು ಕಂಡಿತು, ಎದುರುಮನೆಯ ಜಗಳವೂ ಕಂಡಿತು. ಹತ್ತಿರದ್ದು ಮಾತ್ರ ಕನ್ನಡಕ ಹಾಕಿದರೂ ಮಂಜುಮಂಜು. ಆದರೂ ಹಟಕ್ಕೆ ಬಿದ್ದು ಒಂದು ಮೋಟಾರು ಸುತ್ತಿಕೊಟ್ಟೆ. ನಾಲ್ಕೇ ದಿನಕ್ಕೆ ಸುಟ್ಟು ವಾಪಸು ಬಂತು.

ಹೊತ್ತು ತಂದವನು ನನ್ನದು ಬಿಟ್ಟು ಬೇರೆ ಅಂಗಡಿ ಕಾಣದ ರೈತ. "ವೋಲ್ಟೇಜ್ ಏರುಪೇರಾಗಿರ್ಬೇಕು ಬಿಡಣ್ಣ, ಇನ್ನೊಂದ್ಸಲ ಸುತ್ತು," ಎಂದು ನನ್ನ ಪರವಾಗಿ ಅವನೇ ನೆಪ ಹುಡುಕಿಕೊಟ್ಟ. ನಾನು ಸುರುಳಿಯ ಮೇಲೆ ಬೆರಳಾಡಿಸಿದೆ. ಅಡ್ಡಬಿದ್ದ ತಂತಿ ಬೆರಳಿಗೆ ಸಿಕ್ಕಿತು, ಕಣ್ಣಿಗಲ್ಲ. ಆ ದರಿದ್ರ ಮೆಷಿನ್ನನ್ನು ಮನಸಾರೆ ಬೈದುಕೊಂಡೆ. ಅಳುವೂ ಬಂತು.

"ವೋಲ್ಟೇಜಲ್ಲ ಕಣಪ್ಪ, ನಾನೇ ತಪ್ಪು ಸುತ್ತಿದ್ದು. ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಅವ್ನೆ, ಚೆನ್ನಾಗಿ ಸುತ್ತುತಾನೆ. ಅವನ ಹತ್ರ ತಗೊಂಡೋಗು," ಎಂದೆ.

ಆ ತರೀಕೆರೆಯವನಿಗೆ ಕೆಲಸವೇ ಬರುವುದಿಲ್ಲ ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ.