ಕಾಶವ್ವನಿಗೆ ನಾನು ಕೊಟ್ಟ ವೀಳ್ಯ

ಆಗಿನ್ನೂ ಪೀಣ್ಯದ ನಮ್ಮ ಓಣಿಯಲ್ಲಿ ತಗಡಿನ ಮನೆಗಳಿದ್ದವು. ಹನ್ನೊಂದು ಮನೆ, ಎಲ್ಲರೂ ಒಂದೇ ಊರಿಂದ ದುಡಿಯಲು ಬಂದ ನಮ್ಮದೇ ಜನ. ಬೆಳಗಾದರೆ ಕಾದ ಕಬ್ಬಿಣದ ವಾಸನೆ. ಕಾರ್ಖಾನೆಯ ಗುಜರಿಯಲ್ಲಿ ಆರಿಸಿ ತಂದ ಬೇರಿಂಗ್ ಗುಂಡುಗಳೇ ನಮಗೆ ಗೋಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇವತ್ತು ನನ್ನವೇ ಎರಡು ಲೇತ್ ಇವೆ, ಯಾರ ಹಂಗಿನಲ್ಲೂ ಇಲ್ಲ. ಆದರೂ ನನಗೆ ಎಂಟು ವರ್ಷವಿದ್ದಾಗಿನ ಬೇಸಿಗೆಯ ಒಂದು ಭಾನುವಾರ ನೆನಪಾದರೆ ತಲೆ ತಗ್ಗುತ್ತದೆ.

ಅವ್ವ ಗಾರ್ಮೆಂಟ್ಸ್‌ಗೆ ಹೋದಾಗ ನನಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತಿದ್ದವಳು ಪಕ್ಕದ ಮನೆಯ ಕಾಶವ್ವ. ಅವಳ ಗಂಡ ಹೊಡೆಯುವುದು ಎಲ್ಲರಿಗೂ ಗೊತ್ತಿತ್ತು. ಆ ವಾರ ಅವಳ ಬಲಗೈ ಮುರಿದಿದ್ದ. ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದಳು. ಹಿರಿಯರು ಬಿಡಲಿಲ್ಲ. ಆಸ್ಪತ್ರೆಗೆ ಹೋದರೂ ಕೇಸಾಗುತ್ತದೆಂದು ಕೈಗೆ ಬಟ್ಟೆ ಸುತ್ತಿಸಿ, ದೈವ ಕೂಡಿಸಿದರು. ದೈವವೆಂದರೆ ನಮ್ಮ ಜನದ ಪಂಚಾಯ್ತಿ. ತಪ್ಪು ಮಾಡಿದವನ ವೀಳ್ಯ ತೆಗೆದುಕೊಂಡರೆ ಕ್ಷಮಿಸಿದಂತೆ. ಆಮೇಲೆ ಆ ಮಾತು ಎತ್ತಿದವರೇ ತಪ್ಪಿತಸ್ಥರು.

ಗಂಡ ಎಲೆ ಅಡಿಕೆ ನೀಡಿದ. ಕಾಶವ್ವ ಮುಟ್ಟಲಿಲ್ಲ. ಎರಡು ಸಲ, ಮೂರು ಸಲ. ಆಗ ಹಿರಿಯರಾದ ಸಿದ್ದಪ್ಪ ಕಾಕಾ, ಗೋಲಿ ಆಡುತ್ತಿದ್ದ ನನ್ನನ್ನು ಕರೆದರು.

“ನೀ ಕೊಡಪಾ. ನಿನಗ ಒಲ್ಲೆ ಅನ್ನಂಗಿಲ್ಲ ಅಕಿ.”

ಅಷ್ಟು ಹುಡುಗರಲ್ಲಿ ನನ್ನನ್ನೇ ಕರೆದರೆಂಬ ಹೆಮ್ಮೆ ನನಗೆ. ಗಂಡನ ಕೈಯ ಎಲೆ ಅಡಿಕೆ ಇಸಿದುಕೊಂಡು, ಎದೆಯುಬ್ಬಿಸಿ ಹೋಗಿ ನೀಡಿದೆ. ಕಾಶವ್ವ ನನ್ನ ಮುಖವನ್ನೇ ನೋಡಿದಳು. ಎಡಗೈಯಲ್ಲಿ ತೆಗೆದುಕೊಂಡಳು. ಮುಗಿಯಿತು, ಇನ್ನು ಗಂಡನ ಮನೆಗೆ ನಡಿ ಎಂದು ಎಲ್ಲರೂ ಎದ್ದರು.

ಗಾರ್ಮೆಂಟ್ಸ್‌ನಲ್ಲಿ ಭಾನುವಾರದ ಓಟಿ ಮುಗಿಸಿ ಬಂದ ಅವ್ವ ನಡೆದದ್ದನ್ನು ಕೇಳಿ ಕಾಕಾನಿಗೆ ಅಡ್ಡ ನಿಂತಳು.

“ಕೂಸಿನ್ನ ಮುಂದ ಮಾಡಿ ಅಕಿ ಬಾಯಿ ಕಟ್ಟಿದ್ರಿ. ಇದನ್ನ ನಾ ಒಪ್ಪಂಗಿಲ್ಲ ಕಾಕಾ. ಅಕಿ ನಮ್ಮ ಮನ್ಯಾಗ ಇರ್ತಾಳ.”

“ಹಂಗಾದ್ರ ನೀನೂ ನಮ್ಮಾಕಿ ಅಲ್ಲ, ನೋಡವಾ,” ಎಂದರು ಕಾಕಾ.

ಮರುದಿನ ಅವ್ವ ರಜೆ ಹಾಕಿ ಕಾಶವ್ವನನ್ನು ಆಸ್ಪತ್ರೆಗೆ, ಅಲ್ಲಿಂದ ಸ್ಟೇಷನ್ನಿಗೆ ಕರೆದೊಯ್ದಳು. ಓಣಿ ನಮ್ಮೊಂದಿಗೆ ಮಾತು ಬಿಟ್ಟಿತು. ನನ್ನ ಜೊತೆ ಆಡಲು ಒಬ್ಬನೂ ಬರಲಿಲ್ಲ. ಕೈ ಕೂಡಿದ ಮೇಲೆ ಕಾಶವ್ವ ಅವ್ವನ ಜೊತೆಗೇ ಕೆಲಸಕ್ಕೆ ಸೇರಿ, ಚಿಕ್ಕಬಾಣಾವರದಲ್ಲಿ ತನ್ನದೊಂದು ರೂಮು ಹಿಡಿದಳು.

ದೊಡ್ಡವನಾದ ಮೇಲೆ ಕಾಶವ್ವನನ್ನು ಕೇಳಿದೆ, ಅವತ್ತು ಯಾಕೆ ತೆಗೆದುಕೊಂಡೆ ಎಂದು.

“ಎಲ್ಲಾರ ಮುಂದ ಕೈ ಚಾಚಿ ನಿಂತಿದ್ದೆಲ್ಲೋ ಯಪ್ಪಾ. ಒಲ್ಲೆ ಅಂದಿದ್ರ ನಿನ್ನ ಮಾರಿ ಸಣ್ಣದಾಗ್ತಿತ್ತು.”

ಈಗ ಆ ಜಾಗದಲ್ಲಿ ಗೋದಾಮು ಎದ್ದಿದೆ. ಅಂದಿನ ಗೆಳೆಯರು ಎದುರಾದರೆ ತಲೆಯಾಡಿಸಿ ಹೋಗುತ್ತಾರೆ. ಅದನ್ನು ಸಹಿಸಿಕೊಂಡೇನು. ಹಿರಿಯರು ಕರೆದರೆ ಆಟ ಬಿಟ್ಟು ಓಡುವ ಆ ನಂಬಿಕೆ ಮಾತ್ರ ಮತ್ತೆ ಬರಲಿಲ್ಲ. ನನ್ನ ಮಗನನ್ನು ಯಾರಾದರೂ “ಬಾರಪ್ಪಾ ಇಲ್ಲಿ” ಎಂದು ಪ್ರೀತಿಯಿಂದಲೇ ಕರೆದರೂ, ಅವನಿಗಿಂತ ಮೊದಲು ನಾನು ಏಳುತ್ತೇನೆ.