ಲಕ್ಕಿ ಸೊಪ್ಪು ಹಾಕದ ಆರು ಬಾಟಲಿ

ನಮ್ಮ ಮನೆಯ ಅವರೆಕಾಳಿಗೆ ಒಬ್ಬ ಹುಡುಗಿ ಎಣಿಸಿ ಎಣಿಸಿ ಹುಳ ಬಿಟ್ಟಳು. ಅವಳಿಗೆ ಕಾಫಿ ಕೊಟ್ಟು, ಕೂರಲು ಮಣೆ ಹಾಕಿದವಳು ನಾನೇ.

ಕಾಳಿಗೆ ಕೈಯಾರೆ ಹುಳ ಬಿಡುವವರನ್ನು ನೀವು ಕಂಡಿದ್ದೀರಾ? ನಾನು ಈ ತಾಳವಾಡಿ ಬೆಟ್ಟಕ್ಕೆ ಸೊಸೆಯಾಗಿ ಬಂದು, ಮೊಮ್ಮಗಳ ಮದುವೆಯನ್ನೂ ಮುಗಿಸಿದ್ದೇನೆ. ಹುಳ ಹೆಕ್ಕುವವರನ್ನು ಕಂಡಿದ್ದೆ. ಬಿಡುವವರನ್ನು ಕಂಡಿರಲಿಲ್ಲ.

ಹುಡುಗಿಯ ಹೆಸರು ಸುಗುಣ. ಹಾಸನೂರಿನವಳು. ಬೆಟ್ಟದ ಕೆಳಗಿನ ಯಾವುದೋ ಕಾಲೇಜಿನಲ್ಲಿ ರಿಸರ್ಚ್ ಮಾಡುತ್ತಾಳೆ. ಲಕ್ಕಿ ಸೊಪ್ಪು ಬೆರೆಸಿದರೆ ಅವರೆಗೆ ಕುಟ್ಟೆ ಹುಳ ಹಿಡಿಯುತ್ತದೋ ಇಲ್ಲವೋ ಎನ್ನುವುದು ಅವಳ ರಿಸರ್ಚು. (ಇದಕ್ಕೆ ಕಾಲೇಜು ಬೇಕಾ? ನನ್ನನ್ನು ಕೇಳಿದ್ದರೆ ನಿಂತ ನಿಲುವಿನಲ್ಲೇ ಹೇಳುತ್ತಿದ್ದೆ.)

ಸಂಕ್ರಾಂತಿ ಕಳೆದ ವಾರ ನಾವು ಹೊಸ ಅವರೆ ಬಡಿದಿದ್ದೆವು. ಸೊಪ್ಪು, ಮಣ್ಣು, ಔಷಧಿ ಏನೂ ಸೋಕದ ಕಾಳು ಬೇಕು ಎಂದು ಬಂದಳು. ಕೊಟ್ಟೆ. ಹನ್ನೆರಡು ಗಾಜಿನ ಬಾಟಲಿಗೆ ಕಾಳು ತುಂಬಿ ಹುಳ ಬಿಡತೊಡಗಿದಳು. ನೋಡಲಾಗದೆ ನಾನು ಒಲೆಯ ಮುಂದಕ್ಕೆ ಎದ್ದುಹೋದೆ. ಬಾಟಲಿಗಳ ಬಾಯಿಗೆ ಬಟ್ಟೆ ಕಟ್ಟಿ, ಇಂಗ್ಲಿಷಿನಲ್ಲಿ ಲೇಬಲ್ ಅಂಟಿಸಿ, ನಮ್ಮ ಅಟ್ಟದಲ್ಲೇ ಇಟ್ಟಳು. ಬೇಸಾಯಗಾರರ ಮನೆಯಲ್ಲೇ ಇಡಬೇಕಂತೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದಳು, ಅಟ್ಟ ಹತ್ತಿ ತೂತು ಬಿದ್ದ ಕಾಳು ಎಣಿಸುತ್ತಿದ್ದಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಿದ್ದಳು.

ಶಿವರಾತ್ರಿ ಹೊತ್ತಿಗೆ ಅವಳಿಗೆ ಜ್ವರ. ಎರಡು ವಾರ ಬರಲಿಲ್ಲ. ಹೇಗಿದೆಯೋ ನೋಡೋಣ ಎಂದು ನಾನೇ ಅಟ್ಟ ಹತ್ತಿದೆ. ಆರು ಬಾಟಲಿಯಲ್ಲಿ ಲಕ್ಕಿ ಸೊಪ್ಪಿನ ಪುಡಿ, ಕಾಳು ಚೆನ್ನಾಗಿದೆ. ಇನ್ನು ಆರರಲ್ಲಿ ಸೊಪ್ಪೇ ಇಲ್ಲ! ಕಾಳಿನ ಮೇಲೆಲ್ಲ ಬಿಳಿ ಮೊಟ್ಟೆ, ತಳದಲ್ಲಿ ಹಿಟ್ಟು.

ಪಾಪ, ಸೊಪ್ಪು ಸಾಲದೆ ಹೋಗಿರಬೇಕು, ಆಮೇಲೆ ಹಾಕೋಣ ಎಂದು ಮರೆತಿರಬೇಕು ಅಂದುಕೊಂಡೆ. ಕಣ್ಣೆದುರು ಕಾಳು ಹಾಳಾಗುವಾಗ ಸುಮ್ಮನೆ ಇಳಿದು ಬರುವುದು ಯಾರ ಕೈಲಾಗುತ್ತದೆ? ಹನ್ನೆರಡು ಬಾಟಲಿಯನ್ನೂ ಅಂಗಳಕ್ಕೆ ಸುರಿದೆ. ಹುಳ ಕೇರಿದೆ. ಎರಡು ದಿನ ಬಿಸಿಲಿಗೆ ಹಾಕಿದೆ. ಬೇಲಿಯ ಲಕ್ಕಿ ತಂದು, ಒಣಗಿಸಿ, ತಿಕ್ಕಿ, ಎಲ್ಲಕ್ಕೂ ಸಮನಾಗಿ ಬೆರೆಸಿ ತುಂಬಿದೆ. ಬಾಟಲಿ ಒರೆಸಿಯೂ ಇಟ್ಟೆ. ಹುಡುಗಿ ಬಂದು ಹೊಗಳುತ್ತಾಳೆ ಎಂದು ಕಾದೆ.

ಬಂದಳು. ಅಟ್ಟದಿಂದ ಇಳಿದವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಜ್ಜಿ, ಎಲ್ಲದ್ಕೂ ಸೊಪ್ಪ ಯಾರ್ ಆಕ್ದೋರು?"

"ಇನ್ಯಾರ್ ಆಕರು ಕೂಸೇ, ನಾನೇ ಕಣ. ನೀ ಮರ್ತ್‌ಬುಟ್ಟಿದ್ದಲ್ಲ."

"ಮರ್ತಿರ್ನಿಲ್ಲ ಅಜ್ಜಿ. ಬೇಕೂಂತ್ಲೇ ಬುಟ್ಟಿದ್ದೆ."

"ಬೇಕೂಂತ ಉಳದ ಬಾಯ್ಗ ಕಾಳ ಕೊಟ್ಟಿದ್ಯಾ?"

ಸೊಪ್ಪು ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ನೋಡಬೇಕಿತ್ತಂತೆ. ಹಾಕದ ಬಾಟಲಿಗೆ ಕಂಟ್ರೋಲ್ ಅಂತ ಹೆಸರಂತೆ. ಮೇ ತಿಂಗಳೊಳಗೆ ಬರೆದು ಕೊಡದಿದ್ದರೆ ಒಂದು ವರ್ಷದ ಓದು ದಂಡ. ಅಳಲಿಲ್ಲ ಆ ಹುಡುಗಿ. ಜಗಲಿಯ ಮೇಲೆ ಕೂತು ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದಳು, ಅಷ್ಟೇ. ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ.

ನನ್ನ ಸೊಸೆ ರತ್ನ ಬಾಗಿಲಿಗೆ ಒರಗಿ ನಗುತ್ತಿದ್ದಳು. "ಕೂಸು ಪರೀಕ್ಸ ಬರೀಲಿ ಅಂದ್ರ, ನಮ್ಮತ್ತ ಪೇಪರ್ನೇ ತೊಳ್ದು ಒಣ್ಗಾಕ್‌ಬುಟ್ರು."

ನನಗೆ ರೇಗಿತು. "ಲಕ್ಕಿ ಆಕುದ್ರ ಉಳ ಬರಲ್ಲ, ನಾನೇ ಬರ್ಕೊಟ್ಟನು. ನಾಕ್ನೇ ಕ್ಲಾಸ್ಗಂಟ ಓದಿವ್ನಿ, ಸೈನೂ ಆಕ್ಕೊಟ್ಟನು."

"ಸೊಪ್ಪ ಆಕ್ದೆ ಯಾವತ್ತಾರ ಮಡ್ಗಿದ್ದೀರಾ ಅಜ್ಜಿ?"

"ಇಲ್ಲ. ನಂಗೇನ್ ತಲ ಕೆಟ್ಟಿತ್ತಾ?"

"ಮತ್ತ, ಸೊಪ್ಪಿಂದ್ಲೇ ಅಂತ ಎಂಗ್ ಗೊತ್ತು? ಬಿಸ್ಲಿಂದ್ಲೋ, ಕೆಮ್ಮಣ್ಣಿಂದ್ಲೋ?"

 ನನಗೆ ಇನ್ನಷ್ಟು ರೇಗಿತು. ಇಷ್ಟು ವರ್ಷ ಕಾಳನ್ನು ಬಿಸಿಲಿಗೆ ಹಾಕಿ, ಕೆಮ್ಮಣ್ಣಿನ ಕೆಸರು ಹಚ್ಚಿ ಒಣಗಿಸಿ, ಲಕ್ಕಿ ಬೆರೆಸಿ, ಮೂರನ್ನೂ ಮಾಡಿದ್ದೇನೆ, ಹೆಸರನ್ನು ಮಾತ್ರ ಲಕ್ಕಿಗೇ ಕೊಟ್ಟಿದ್ದೇನೆ.

ಹಿಂದೊಮ್ಮೆ ಒಬ್ಬ ಸಾಹೇಬರು ಬಂದು, ಸೊಪ್ಪೆಲ್ಲ ಮೂಢನಂಬಿಕೆ, ಹುಳ ಸಾಯುವ ಗುಳಿಗೆ ಇಡಿ ಅಂದರು. ಗುಳಿಗೆ ಇಟ್ಟ ಕೋಣೆಗೆ ಹೋಗಲು ಮನೆಮಂದಿ ಹೆದರುತ್ತಿದ್ದೆವು. ಆಮೇಲೆ ಇನ್ನೊಬ್ಬರು ಬಂದು, ಗುಳಿಗೆ ವಿಷ, ಸೊಪ್ಪು ಹಾಕಿ ಅಂದರು. ಇಬ್ಬರೂ ಬಂದದ್ದು ಜೀಪಿನಲ್ಲಿ. ಇಬ್ಬರೂ ಜೀಪಿನಿಂದ ಇಳಿದದ್ದು ಎಷ್ಟು ಹೊತ್ತು? ನಮ್ಮ ಅಟ್ಟ ಹತ್ತಿ, ದೂಳು ಕುಡಿದು, ಕಾಳಿನ ತೂತು ಎಣಿಸಿದವಳು ಇವಳೊಬ್ಬಳೇ. ಅವಳ ಎಣಿಕೆಯನ್ನೇ ನಾನು ಅಂಗಳಕ್ಕೆ ಸುರಿದಿದ್ದೆ.

ಹೊಸದಾಗಿ ಶುರು ಮಾಡಲು ಏನೂ ಸೋಕದ ಅವರೆ ಬೇಕು. ಊರಿನವರೆಲ್ಲ ಆಗಲೇ ಮಣ್ಣು ಕಟ್ಟಿ ಎತ್ತಿಟ್ಟಿದ್ದರು. ಉಳಿದದ್ದು ನನ್ನ ಬೀಜದ ಅವರೆ ಮಾತ್ರ. ಕೊನೆಗೆ ಬಡಿದು, ಒಂದೊಂದೇ ಆರಿಸಿ ಮೊರದಲ್ಲಿಟ್ಟದ್ದು. ಮಾರನೆಯ ದಿನ ಕೆಮ್ಮಣ್ಣು ಕಟ್ಟಬೇಕಿತ್ತು. ಅರ್ಧ ಮೊರ ಅವಳ ಮುಂದೆ ಸುರಿದೆ.

"ಬೀಜದ್ದು ಬ್ಯಾಡ ಅಜ್ಜಿ."

"ಬ್ಯಾಡ ಅಂದ್ರ ಉಳ ಕೊಟ್ಟದಾ ನಿಂಗ ಡಿಗ್ರೀಯ? ತಕ, ತಕ."

ಈಗ ಮತ್ತೆ ಹನ್ನೆರಡು ಬಾಟಲಿ ಅಟ್ಟದಲ್ಲಿವೆ. ಆರಕ್ಕೆ ಸೊಪ್ಪಿಲ್ಲ. ಸೊಸೆ ಏಣಿಯನ್ನು ಹಿತ್ತಿಲಿಗೆ ಎಳೆದು ಹಾಕಿದ್ದಾಳೆ, ಹುಡುಗಿ ಬಂದಾಗ ಮಾತ್ರ ತರುತ್ತಾಳೆ. ನನ್ನ ಬೀಜದ ಅವರೆಯನ್ನು ಹುಳ ತಿನ್ನುತ್ತಿದೆ, ನಾನು ಅದರ ಕೆಳಗೆ ಕೂತು ಮುದ್ದೆ ತಿನ್ನಬೇಕು. ಗಂಟಲಲ್ಲಿ ಇಳಿಯುತ್ತದಾ?

ಉಳಿದ ಅರ್ಧ ಮೊರವನ್ನು ಬಿಸಿಲಿಗೆ ಹಾಕಿದೆ, ಕೆಮ್ಮಣ್ಣು ಕಟ್ಟಿದೆ, ಲಕ್ಕಿಯನ್ನೂ ಬೆರೆಸಿದೆ. ಮೂರರಲ್ಲಿ ಎರಡು ದಂಡ ಇರಬಹುದು ಅನ್ನುತ್ತಾಳೆ ಸುಗುಣ.

ಇರಬಹುದು. ಮಳೆ ಬಿದ್ದಾಗ ಬಿತ್ತಬೇಕಾದವಳು ನಾನು. ಯಾವ ಎರಡನ್ನು ಬಿಟ್ಟು ನೋಡಲಿ, ನೀವೇ ಹೇಳಿ?