ಬಾಯಿ ಬಿಟ್ಟ ನೆಲ ಕುಡೀತದಂತ

ದೇವದುರ್ಗದ ಯಮನೂರಪ್ಪ ಸಾಲಿ ಮೆಟ್ಟಿಲು ಹತ್ತಿದವನಲ್ಲ. ಆದರೆ ಕರಿ ಎರೆಮಣ್ಣು ನೀರನ್ನ ಏನು ಮಾಡುತ್ತದೆ ಅನ್ನೋದನ್ನು ಅವನಷ್ಟು ಬಲ್ಲವನನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ. ಎಪ್ಪತ್ತರ ದಶಕದಲ್ಲಿ ಮಾನ್ವಿ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂತು. ಬಂದ ನೀರು ಹೋಗಲಿಲ್ಲ, ಭೂಮಿ ಜೌಗು ಹಿಡಿಯಿತು. ಆಗ ಆ ನೀರನ್ನು ಹೊರಗೆ ಹಾಕುವ ಬಸಿಗಾಲುವೆ ತೋಡುವ ಗ್ಯಾಂಗಿನಲ್ಲಿ ಇವನು ಹತ್ತು ವರ್ಷ ಸಲಿಕೆ ಹಿಡಿದ. ಇವತ್ತು ನೀರಮಾನ್ವಿ, ನಾಳೆ ಇನ್ಯಾವುದೋ ಊರು. ಹೆಂಡತಿ ಗದ್ದೆಮ್ಮ ತಾಡಪತ್ರಿ ಗುಡಾರದ ಕೆಳಗೇ ಎರಡು ಹಡೆದಳು. ಎರಡೂ ಉಳಿಯಲಿಲ್ಲ.

"ಎಲ್ಲೆರೆ ನಾಕು ಗ್ವಾಡಿ ನಡುವ ನನ್ನ ಕುಂದರಸು. ಮತ್ತೇನೂ ಕೇಳೂದಿಲ್ಲ" ಅಂತ ಆಕೆ ಅನ್ನುತ್ತಿದ್ದಳು.

ಅವನ ತಂಗಿ ಅಯ್ಯಮ್ಮ ರಾಯಚೂರಿನಲ್ಲಿ ಅಕ್ಕಿ ಮಿಲ್ಲಿನ ಸಾವ್ಕಾರ ಸಿದ್ದರಾಮಪ್ಪನ ಬಂಗಲೆಯ ಹಿಂದಿನ ಓಣಿಯಲ್ಲಿದ್ದಳು. ಗಂಡ ಸತ್ತಿದ್ದ. ಮಿಲ್ಲಿನಲ್ಲಿ ಭತ್ತ ಹಸನ ಮಾಡುವ ಕೆಲಸ, ಮಣ್ಣಿನ ಗೋಡೆಯ ಮನೆ, ಒಂದು ಆಡು.

ಎಂಬತ್ನಾಲ್ಕರಲ್ಲಿ ಸಿದ್ದರಾಮಪ್ಪ ಮುಂಬಯಿಯ ಯಾವುದೋ ಹೋಟೆಲಿನಲ್ಲಿ ಪ್ಲಾಸ್ಟಿಕ್ ಹುಲ್ಲು ನೋಡಿ ಬಂದ. ತನ್ನ ಅಂಗಳಕ್ಕೂ ಬೇಕೆಂದು ತರಿಸಿದ. ನಿಜವಾದ ಹುಲ್ಲು ಬೆಳೆಯದ ಊರಿನಲ್ಲಿ ಇದೊಂದು ಸೊಕ್ಕು. ಹಾಸಲು ಬಂದ ಗುತ್ತೇದಾರ ಮೇ ತಿಂಗಳ ಬಿಸಿಲಲ್ಲಿ ಅಂಗಳಕ್ಕೆ ಹತ್ತು ಕೊಡ ನೀರು ಸುರಿದ. ಬಿರುಕುಗಳು ಗಟಗಟ ಕುಡಿದವು. "ನೋಡ್ರಿ ಸಾವ್ಕಾರ್ರ, ಗಟಾರನ ಬ್ಯಾಡ" ಅಂದ, ಬರೀ ಮಣ್ಣಿನ ಮೇಲೆ ಹುಲ್ಲು ಹಾಸಿ ಹೋದ. ಮಳೆಗಾಲ ಬಂತು. ಹುಲ್ಲಿನ ಮೇಲೆ ಕಾಲಿಟ್ಟರೆ ಪಚಕ್ ಅಂತ ಕರಿನೀರು ಮೊಣಕಾಲಿಗೆ ಹಾರತೊಡಗಿತು. ಕೆಳಗೆ ಕಪ್ಪೆ. ನಾತ ಪಡಸಾಲಿ ತನಕ.

ಮುಂದಿನ ಬೇಸಿಗೆಯಲ್ಲಿ ಗೋಡೆ ಕಟ್ಟುವ ಗೌಂಡಿ ಅಮೀರ್ ಸಾಬ್ ಯಮನೂರಪ್ಪನನ್ನು ಬಂಗಲೆಗೆ ಕರೆತಂದ. ಇವನು ಹುಲ್ಲಿನ ಅಂಚು ಎತ್ತಿ ನೋಡಿದ. ನಕ್ಕು ನಕ್ಕು ಕೂತೇಬಿಟ್ಟ.

"ಬ್ಯಾಸಗ್ಯಾಗ ಎರಿ ಬಾಯಿ ಬಿಡೂದು ನೀರು ಕುಡ್ಯಾಕಲ್ರೀ ಸಾವ್ಕಾರ್ರ, ಆಕಳಿಸಾಕ. ನಾಕು ಮಳಿ ಬಿದ್ದುವಂದ್ರ ಉಬ್ಬಿ, ಬಾಯಿ ಮುಚ್ಚಿ, ಹಲ್ಲು ಕಚ್ಚತದ. ಒಂದು ಹನಿ ಕೆಳಗ ಬಿಡೂದಿಲ್ಲ."

ಮೊಣಕಾಲಾಳ ಮಣ್ಣು ತೆಗೆದು, ತಳಕ್ಕೆ ಇಳಿಜಾರು ಕೊಟ್ಟು, ಜಲ್ಲಿಕಲ್ಲು ತುಂಬಿ, ಮೇಲೆ ಗರ್ಸು ಮಣ್ಣು ಬಡಿದು ಹುಲ್ಲು ಹಾಸಬೇಕು. ಅದು ಅವನಿಗೆ ಎಡಗೈ ಕೆಲಸ. ಪ್ರಶ್ನೆ ಇದ್ದದ್ದು ಬಸಿದ ನೀರು ಎಲ್ಲಿಗೆ ಹೋಗಬೇಕು ಅನ್ನೋದು. ಮುಂದಿನ ರಸ್ತೆ ಆಚೆ ದೊಡ್ಡ ನಾಲಾ ಇತ್ತು. ಅಲ್ಲಿಗೆ ಒಯ್ಯಲು ಹೊಸ ಗೇಟಿನ ಮೆಟ್ಟಿಲು ಒಡೆಯಬೇಕು.

"ಗೇಟು ಮುಟ್ಟಬ್ಯಾಡ, ಹಿಂದಕ ಬಿಡು" ಅಂದ ಸಿದ್ದರಾಮಪ್ಪ.

"ಹಿಂದ ಮನಿ ಅದಾವ್ರೀ."

"ನನ್ನ ಜಾಗದಾಗ ಅದಾವ. ನೀ ಕೆಲಸ ಚಂದ ಮಾಡು, ಮಿಲ್ಲಿನಾಗ ಖಾಯಂ ಮಾಡ್ತೀನಿ. ಇರಾಕ ಖೋಲಿ ಕೊಡ್ತೀನಿ."

ಯಮನೂರಪ್ಪ ಸಲಿಕೆ ಎತ್ತಿಕೊಂಡು ಹಿಂದಿನ ಓಣಿ ಕಡೆ ನಡೆದ. ಅಮೀರ್ ಸಾಬ್ ಗೊಣಗಿದ: "ನೀರಿಗೆ ಕಣ್ಣಿಲ್ಲಲೇ ಯಮನೂರ್ಯಾ. ನಿನಗೆ ಅದಾವ."

ಮರುದಿನ ಮಧ್ಯಾಹ್ನ ಅಯ್ಯಮ್ಮ ರೊಟ್ಟಿ ತಂದಳು. ಗಟಾರದ ಬಾಯಿ ತನ್ನ ಗೋಡೆ ಕಡೆ ಮುಖ ಮಾಡಿದ್ದನ್ನು ಕಂಡಳು. "ಯಣ್ಣಾ, ಈ ನೀರು ನನ್ನ ಮನಿಗೇ ಬರ್ತದಲ್ಲೋ?"

ಓಣಿಯ ನೆಲ ಕೈ ಹೋಗುವಷ್ಟು ಬಿರಿದಿತ್ತು. ಅದನ್ನೇ ತೋರಿಸಿ ಯಮನೂರಪ್ಪ ಅಂದ: "ನೋಡಬೇ, ನೆಲ ಹೆಂಗ ಬಾಯಿ ಬಿಟ್ಟದ. ಕುಡೀತದ ಬಿಡು."

ಆಕೆ ನಂಬಿದಳು. ಮಣ್ಣಿನ ವಿಷಯದಲ್ಲಿ ಅಣ್ಣ ಹೇಳಿದ್ದು ಎಂದೂ ಸುಳ್ಳಾಗಿರಲಿಲ್ಲ. ಅಮೀರ್ ಸಾಬ್ ಥಾಪಿ ಕೆಳಗಿಟ್ಟು, ಬೀಡಿ ಹಚ್ಚುವ ನೆಪದಲ್ಲಿ ಎದ್ದು ಹೋದ.

ಕೆಲಸ ಚಂದ ಆಯಿತು. ಆ ಮಳೆಗಾಲ ಅಂಗಳದಲ್ಲಿ ಒಂದು ಹನಿ ನಿಲ್ಲಲಿಲ್ಲ. ಖೋಲಿ ಸಿಕ್ಕಿತು. ಗದ್ದೆಮ್ಮ ಗೋಡೆಗೆ ಸುಣ್ಣ ಬಳಿದಳು. ಸೆಪ್ಟೆಂಬರಿನಲ್ಲಿ ಮೂರು ದಿನ ಜಿಟಿಜಿಟಿ ಮಳೆ ಹಿಡಿಯಿತು. ಮೂರನೇ ದಿನ, ಶನಿವಾರ ಬೆಳಿಗ್ಗೆ, ಅಯ್ಯಮ್ಮ ಮಿಲ್ಲಿಗೆ ಓಡಿ ಬಂದಳು.

"ಯಣ್ಣಾ, ಗ್ವಾಡಿ ಬುಡಕ ಬಟ್ಟು ಇಟ್ರ ಒಳಗ ಹೋಗಾಕತ್ತದ."

"ನಾಳಿ ಐತವಾರ ಸೂಟಿ ಅದ. ಬಂದು ನೀರಿಗೆ ದಾರಿ ಮಾಡ್ತೀನಿ. ಅಲ್ಲೀತನಕ ಬಾಜೂಕಿನ ಕರೆಮ್ಮನ ಮನ್ಯಾಗ ಇರು."

"ಆಡನ್ನೂ ಕರಕೊಂಡು ಹೋಗ್ಲೇನು? ಆಕಿ ಬೈತಾಳ" ಅಂತ ನಕ್ಕಳಂತೆ. ಮಧ್ಯಾಹ್ನ ತನ್ನ ಮನೆಯಲ್ಲೇ ಒಲೆ ಹಚ್ಚುತ್ತ ಕೂತಾಗ ಗೋಡೆ ಆಕೆಯ ಮೇಲೆ ಬಿತ್ತು. ಮಣ್ಣು ತೆಗೆದಾಗ ಉಸಿರಿರಲಿಲ್ಲ.

ಪಂಚನಾಮೆಗೆ ಬಂದ ಸರಕಾರಿ ಗುಮಾಸ್ತ ನಿಂತಲ್ಲೇ ಬರೆದ: ಅತಿವೃಷ್ಟಿಯಿಂದ ಗೋಡೆ ಕುಸಿದು ಮರಣ. ಯಮನೂರಪ್ಪ ಮೈಯೆಲ್ಲ ಕೆಸರಾಗಿ ಮುಂದೆ ಬಂದ.

"ಮಳಿಗಲ್ರೀ. ಮಳಿ ಎಲ್ಲಾರ ಮನಿ ಮ್ಯಾಲೂ ಬಿತ್ತು. ಈ ಗ್ವಾಡಿ ನಾ ತೋಡಿದ ಗಟಾರಕ್ಕ ಬಿತ್ತು. ಹಂಗ ಬರಕೋರಿ."

"ನಿನ್ನನ್ನ ಒಳಗ ಹಾಕ್ತಾರಲೇ ಹುಚ್ಚ! ಮಳಿ ಅಂತ ಇದ್ರ ಪರಿಹಾರ ಬರ್ತದ. ಹೆಬ್ಬಟ್ಟು ಒತ್ತು."

"ಗಟಾರ ಅಂತ ಬರೀರಿ, ಒತ್ತತೀನಿ."

ಕೂಲಿ ಸಂಘದವರು ನಾವೂ ಅಲ್ಲಿದ್ದೆವು. ಘೋಷಣೆ ಕೂಗಿ ಗಂಟಲು ಹರಿದುಕೊಂಡಿದ್ದೆವು. ಆದರೂ ನಾವು ಅವನಿಗೆ ಹೇಳಿದ್ದು ಗುಮಾಸ್ತ ಹೇಳಿದ್ದನ್ನೇ: ಮೊದಲು ಪರಿಹಾರ ಬರಲಿ, ಹೋರಾಟ ಆಮೇಲೆ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. ಅದನ್ನು ಸರಕಾರ ಬರೆಯಲಿಲ್ಲ, ನಾವೂ ಬರೆಸಲಿಲ್ಲ. ಅವನು ಹೆಬ್ಬಟ್ಟು ಒತ್ತಲಿಲ್ಲ. ನೆರೆಮನೆ ಕರೆಮ್ಮನ ಹೆಬ್ಬಟ್ಟು ಹಾಕಿಸಿಕೊಂಡು ಕಾಗದ ಮಡಚಿದರು.

ತಂಗಿಯನ್ನು ಮಣ್ಣು ಮಾಡಿ ಬಂದವನೇ ಯಮನೂರಪ್ಪ ಗಟಾರದ ಬಾಯಿಗೆ ಎರೆಮಣ್ಣು ಮೆತ್ತಿ ಮುಚ್ಚಿದ. ಸಂಜೆಯೊಳಗೆ ನೌಕರಿಯೂ ಹೋಯಿತು, ಖೋಲಿಯೂ ಹೋಯಿತು. ಗದ್ದೆಮ್ಮ ತಾಡಪತ್ರಿ ಸುತ್ತಿ ತಲೆಗಿಟ್ಟುಕೊಂಡಳು.

ಎಂಬತ್ತೆಂಟರಲ್ಲಿ ದೇವದುರ್ಗದ ಸಂತೆಯಲ್ಲಿ ಸಿಕ್ಕ. ಸೊರಗಿದ್ದ. ಗಟಾರ ತೋಡಲು ಕರೆದರೆ ಮೊದಲು ನೀರು ಬೀಳುವ ಕಡೆಗೆ ನಡೆದು ಹೋಗಿ ನೋಡುತ್ತಾನಂತೆ, ಸಲಿಕೆ ಹೆಗಲಿಗೇರಿಸಿ ವಾಪಸ್ ಬರುತ್ತಾನಂತೆ. ಜನ ತಲೆ ಕೆಟ್ಟಿದೆ ಅನ್ನುತ್ತಿದ್ದರು.

"ಕೆಲಸ ಇಲ್ಲೇನು ಯಮನೂರಪ್ಪ?" ಅಂದೆ.

"ಅದ. ಒಲ್ಲೆ ಅಂತೀನಿ."

"ಯಾಕ?"

"ಎಲ್ಲಾ ಊರಾಗೂ ಕೆಳಗ ಮನಿ ಅದಾವ್ರೀ."